ಬೇಡ ಅಂದ್ರೂ ಇಮೇಲ್ ಕಳಿಸೋದು ವಾಕ್ ಸ್ವಾತಂತ್ರ್ಯವಂತೆ! ಇದಕ್ಕೆ ಕಾನೂನೇ ಇಲ್ವಾ?

ತುಂಗಾತೀರದವಳು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. 74 ವರ್ಷ. ಶಿವಮೊಗ್ಗದಲ್ಲಿ ಅಮ್ಮನ ಜೊತೆ ಇದ್ದಾರೆ. ಕಳೆದ ತಿಂಗಳು ರಕ್ತಪರೀಕ್ಷೆ ಮಾಡಿಸಿದ್ವಿ, ರಿಪೋರ್ಟ್ ಇಮೇಲ್‌ಗೆ ಕಳಿಸ್ತೀವಿ ಅಂದ್ರು ಲ್ಯಾಬಿನವರು. ನಾಲ್ಕು ದಿನ ಆದ್ರೂ ಅಪ್ಪ ಫೋನಲ್ಲಿ "ಇನ್ನೂ ಬಂದಿಲ್ಲ ಕಣಮ್ಮ" ಅಂತಾನೇ ಇದ್ರು. ಭಾನುವಾರ ಊರಿಗೆ ಹೋಗಿ ನಾನೇ ಮೊಬೈಲ್ ತೆಗೆದು ನೋಡಿದೆ. ಆ ನಾಲ್ಕು ದಿನದಲ್ಲಿ 163 ಮೇಲ್. ಸೈಟು, ಸಾಲ, ಮಂಡಿನೋವಿನ ಎಣ್ಣೆ, ಷೇರು ಟಿಪ್ಸ್. ಅದರ ಮಧ್ಯೆ ಎಲ್ಲೋ ಲ್ಯಾಬಿನ ಮೇಲ್ ಹೂತುಹೋಗಿತ್ತು, ಪೊಟ್ಯಾಸಿಯಂ ಮುಂದೆ ಕೆಂಪು ಗುರುತು. ಡಾಕ್ಟರು ಅವತ್ತೇ ಬಿಪಿ ಮಾತ್ರೆ ಬದಲಾಯಿಸಿದ್ರು. ದೇವರ ದಯೆ, ಏನೂ ಆಗಲಿಲ್ಲ.

ಆ ರಾಶಿಯಲ್ಲಿ 21 ಮೇಲ್ ಒಂದೇ ಬಡಾವಣೆ ಕಂಪನಿಯವು. ಎಕ್ಸಿಬಿಷನ್‌ನಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿಸಿಕೊಂಡಿದ್ರಂತೆ, ಅಪ್ಪ ಪಾಪ ಮುತ್ತಿನಂಥ ಅಕ್ಷರದಲ್ಲಿ ಇಮೇಲ್ ವಿಳಾಸ ಬರೆದುಕೊಟ್ಟಿದ್ದಾರೆ. ಅನ್‌ಸಬ್‌ಸ್ಕ್ರೈಬ್ ಮೂರು ಸಲ ಒತ್ತಿದೆ, ಪ್ರಯೋಜನ ಇಲ್ಲ. ಕೊನೆಗೆ ಕಂಪನಿಗೇ ಬರೆದೆ. ಬಂದ ಉತ್ತರದ ಸಾರ ಇಷ್ಟು: ಜಾಹೀರಾತು ಕಳಿಸುವುದು ಸಂವಿಧಾನದ 19(1)(ಎ) ವಿಧಿಯ (ವಾಕ್ ಸ್ವಾತಂತ್ರ್ಯ) ಪ್ರಕಾರ ನಮ್ಮ ಹಕ್ಕು, ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಬೇಡವಾದರೆ ಡಿಲೀಟ್ ಮಾಡಿಕೊಳ್ಳಿ.

ಓದಿ ಮೈಯೆಲ್ಲಾ ಉರಿದುಹೋಯ್ತು. ಇದು ನಿಜಾನಾ? ತಿಳಿದವರು ಹೇಳಿ.

ಕೆರೆದಂಡೆ
ಡಿಎನ್‌ಡಿ (ಪ್ರಚಾರದ ಕರೆ, ಮೆಸೇಜ್ ಬೇಡ ಅನ್ನೋ ನೋಂದಣಿ) ಹಾಕಿಸಿ ಮೇಡಂ. 1909ಕ್ಕೆ ಒಂದು ಮೆಸೇಜ್ ಸಾಕು.

ಸರ್ವರ್ ರೂಮಿನವ
ಡಿಎನ್‌ಡಿ ಇಮೇಲ್‌ಗೆ ಬರಲ್ಲ ಸಾರ್. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮಾವಳಿ ಫೋನ್ ಕಾಲ್ ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರ. ನಿಮ್ಮ ಫೋನಲ್ಲೇ ನೋಡಿ, ಈಗ ಎಸ್ಸೆಮ್ಮೆಸ್ ಕಳಿಸಿದವರ ಹೆಸರಿನ ಕೊನೆಗೆ ಒಂದು ಗೆರೆ, ಆಮೇಲೆ ಒಂದು ಅಕ್ಷರ ಇರುತ್ತೆ. ಪಿ ಅಂದ್ರೆ ಪ್ರಚಾರ, ಎಸ್ ಅಂದ್ರೆ ಸೇವೆ, ಟಿ ಅಂದ್ರೆ ವಹಿವಾಟು, ಜಿ ಅಂದ್ರೆ ಸರ್ಕಾರ. 2025ರ ಫೆಬ್ರವರಿ ತಿದ್ದುಪಡಿಯಲ್ಲಿ ಬಂದದ್ದು. ಅದೇ ತಿದ್ದುಪಡಿಯಲ್ಲಿ ದೂರು ಕೊಡೋ ಗಡುವು 3 ದಿನದಿಂದ 7 ದಿನಕ್ಕೆ ಏರಿತು. ಎಸ್ಸೆಮ್ಮೆಸ್‌ಗೆ ಇಷ್ಟೆಲ್ಲ ಕಟ್ಟುನಿಟ್ಟು. ಇಮೇಲ್‌ಗೆ ಅಂತ ಪ್ರತ್ಯೇಕ ಕಾಯ್ದೆ ನಮ್ಮಲ್ಲಿ ಇವತ್ತಿಗೂ ಇಲ್ಲ.

ಹುಬ್ಬಳ್ಳಿ ವಕೀಲ
ಅಕ್ಕಾರ, ಅವರು ಹೇಳಿದ ಕೇಸ್ ಖರೇನ ಅದ. ಆದ್ರ ಅರ್ಧಾನ ಹೇಳ್ಯಾರ.

ಟಾಟಾ ಪ್ರೆಸ್ ವಿರುದ್ಧ ಎಂಟಿಎನ್‌ಎಲ್, 1995. ಟಾಟಾ ಪ್ರೆಸ್‌ನವರು ಜಾಹೀರಾತು ತಗೊಂಡು ಯೆಲ್ಲೋ ಪೇಜಸ್ ಅಚ್ಚು ಹಾಕ್ತಿದ್ರು, ಟೆಲಿಫೋನ್ ಡೈರೆಕ್ಟರಿ ಹಾಕೋ ಹಕ್ಕು ನಮಗಷ್ಟ ಐತಿ ಅಂತ ಸರ್ಕಾರಿ ಟೆಲಿಫೋನ್ ಕಂಪನಿ ಎಂಟಿಎನ್‌ಎಲ್ ತಕರಾರು ತಗೀತು. ವ್ಯಾಪಾರಿ ಮಾತೂ 19(1)(ಎ) ಒಳಗ ಬರ್ತದ ಅಂತ ಕೋರ್ಟ್ ಹೇಳಿದ್ದು ಆ ಕೇಸಿನಾಗ. ಆದ್ರ ಅದ ತೀರ್ಪಿನಾಗ, ಮೋಸದ್ದು, ದಾರಿ ತಪ್ಪಿಸೋದು, ಸುಳ್ಳು ಜಾಹೀರಾತು ಇದ್ರ ಸರ್ಕಾರ ತಡೀಬಹುದು ಅಂತನೂ ಐತಿ. ಮತ್ತ ಆ ಪುಸ್ತಕ ಬೇಕಾದವ್ರು ತಾವಾಗಿ ತಗದು ನೋಡೋದ್ರಿ. ಮನಿ ಬಾಗಿಲಿಗೆ ಬಂದು ದಿನಾ ಬಡಿಯೋ ಹಕ್ಕು ಕೊಟ್ಟಾರ ಅಂತ ಆ ತೀರ್ಪಿನಾಗ ಎಲ್ಲೂ ಇಲ್ಲ.

ಇನ್ನ ಕಾನೂನಿನ ಮಾತು. ಒಂದು ಇತ್ತು. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ 66ಎ, ಮೂರನೇ ಉಪಖಂಡ. ಕಿರಿಕಿರಿ ಅಥವಾ ಅನಾನುಕೂಲ ಮಾಡೋ ಸಲುವಾಗಿ, ಇಲ್ಲಾ ಮೇಲ್ ಎಲ್ಲಿಂದ ಬಂತು ಅನ್ನೋದನ್ನ ಮರೆಮಾಚಿ ಇಮೇಲ್ ಕಳಿಸಿದ್ರ 3 ವರ್ಷದ ತನಕ ಜೈಲು. 2009ರ ಅಕ್ಟೋಬರ್‌ದಿಂದ ಜಾರಿಯಾಗಿತ್ತು. 2015ರ ಮಾರ್ಚ್ 24ಕ್ಕ ಶ್ರೇಯಾ ಸಿಂಘಾಲ್ ಕೇಸಿನಾಗ ಸುಪ್ರೀಂ ಕೋರ್ಟ್ 66ಎ ಪೂರ್ತಿ ಕಿತ್ತು ಹಾಕ್ತು. ಅದರ ಜೋಡಿ ಇದೂ ಹೋತು.

ಕೆರೆದಂಡೆ
ಅಂದ್ರೆ ಸ್ಪ್ಯಾಮ್ ಕಳಿಸೋರನ್ನ ಕೋರ್ಟೇ ಬಿಡಿಸಿದ ಹಾಗಾಯ್ತಲ್ಲ? ಒಂದು ಉಪಖಂಡ ಉಳಿಸಿಕೊಂಡಿದ್ರೆ ಆಗ್ತಿತ್ತು.

ಗದಗಿನ ಮಾಹಿತಿ ಹಕ್ಕು
ಕೆರೆದಂಡೆ ಅಣ್ಣಾರ, ಹಂಗ ಅನಬ್ಯಾಡ್ರಿ. ನನ್ನ ಕಥಿ ಕೇಳ್ರಿ.

2013ನೇ ಇಸವಿ. ನಮ್ಮೂರಾಗ ನೀರಿನ ಟಾಕಿ ಕಾಗದದ ಮ್ಯಾಲೆ ಅಷ್ಟ ಕಟ್ಟಿದ್ರು. ಮಾಹಿತಿ ಹಕ್ಕಿನಾಗ ಬಿಲ್ ತಗೊಂಡು, ಫೋಟೋ ಹಚ್ಚಿ, ತಾಲೂಕಿನ ಅಧಿಕಾರಿಗಳಿಗೆ, ಪತ್ರಕರ್ತರಿಗೆ ಕೂಡಿ ಒಂದು 40 ಮಂದಿಗೆ ಇಮೇಲ್ ಮಾಡಿದೆ. ಜವಾಬು ಬರಲಿಲ್ಲ ಅಂತ ಮತ್ತ ಮಾಡಿದೆ. ಮೂರನೇ ಸಲಕ್ಕ ಒಬ್ಬ ಅಧಿಕಾರಿ ಫೋನ್ ಮಾಡಿ, "ನಿನ್ನ ಮೇಲಿನಿಂದ ನಮಗ ಅನಾನುಕೂಲ ಆಗಾಕತ್ತೈತಿ, 66ಎ ಹಾಕಿಸ್ತೀನಿ" ಅಂದ. ಮನ್ಯಾಗ ಅವ್ವ ಎರಡು ದಿನ ಊಟ ಮಾಡಲಿಲ್ಲ.

ನಾ ಕಳಿಸಿದ್ದೂ ಯಾರೂ ಕೇಳದ ಮೇಲ್‌ನ. ಒಂದಕ್ಕಿಂತ ಹೆಚ್ಚು ಮಂದಿಗೆ ಕಳಿಸಿದ್ದೂ ಹೌದು. ಅವರಿಗೆ ಕಿರಿಕಿರಿ ಆಗಿದ್ದೂ ಖರೇ. ಆ ಶಬ್ದ ಹಿಡಕೊಂಡು ಕುಂತ್ರ ಸೈಟ್ ಮಾರೋನೂ ನಾನೂ ಒಂದ ಆಗ್ತೀವಿ.

ಹುಬ್ಬಳ್ಳಿ ವಕೀಲ
ಇದನ್ನ ಕೋರ್ಟ್ ಹೇಳಿದ್ದು. ಒಬ್ಬಗ ಕಿರಿಕಿರಿ ಅನಿಸಿದ್ದು ಇನ್ನೊಬ್ಬಗ ಅನಿಸಲಿಕ್ಕಿಲ್ಲ, ಇಂಥ ಅಸ್ಪಷ್ಟ ಶಬ್ದದ ಮ್ಯಾಲೆ ಜೈಲಿಗೆ ಕಳಸಾಕ ಬರೂದಿಲ್ಲ, ಮಾತಿಗೆ ಮಿತಿ ಹಾಕಾಕ 19(2)ರಾಗ ಹೇಳಿದ ಯಾವ ಕಾರಣಕ್ಕೂ ಇದು ಹೊಂದೂದಿಲ್ಲ ಅಂತ. ಸ್ಪ್ಯಾಮ್ ಕಳಸೂದು ಹಕ್ಕು ಅಂತ ಎಲ್ಲೂ ಅಂದಿಲ್ಲ. ಶಬ್ದ ಸಡಿಲ ಇದ್ವು, ಕಾನೂನು ಬಿತ್ತು. ಅದ ಜಾಗಾದಾಗ ಬಿಗಿ ಶಬ್ದದ್ದೊಂದು ತರೋ ಕೆಲಸ ಸಂಸತ್ತಿಂದು, ಅದು ಇನ್ನೂ ಆಗಿಲ್ಲ.

ಇನ್ನೊಂದು. ಹೆಸರು ಬದಲಿಸಿ ವಂಚನೆ ಮಾಡಿದ್ರ 66ಡಿ ಇವತ್ತಿಗೂ ಜೀವಂತ ಐತಿ. ಬ್ಯಾಂಕಿನ ಹೆಸರಿನಾಗ ಬರೋ ಮೋಸದ ಮೇಲ್‌ಗೆ ಅದು ಸಾಕು. ಅಕ್ಕಾರ ಅಪ್ಪಗ ಬಂದಿದ್ದು ಆ ಜಾತಿದಲ್ಲ. ಅದು ಹೆಸರು, ವಿಳಾಸ ಎಲ್ಲಾ ಸರಿ ಇದ್ದದ್ದು, ಬ್ಯಾಡ ಅಂದ್ರೂ ಬರೂದು.

ಎಡಿಸನ್ ಕನ್ನಡಿಗ
ನ್ಯೂಜೆರ್ಸಿಯಿಂದ ಬರೀತಿದ್ದೀನಿ. ಇಲ್ಲೂ ಇದೇ ಜಗಳ ಕೋರ್ಟಿಗೆ ಹೋಗಿ, ಬಹಳ ವಿಚಿತ್ರವಾಗಿ ಮುಗೀತು. ವರ್ಜೀನಿಯಾದ ಜೇನ್ಸ್ ಕೇಸ್.

ಜೆರೆಮಿ ಜೇನ್ಸ್ ಅಂತ, ನಾರ್ತ್ ಕ್ಯಾರೊಲಿನಾದವ. 2003ರ ಜುಲೈನಲ್ಲಿ ಮೂರು ದಿನ, ಪ್ರತಿ ಸಲ 10,000ಕ್ಕೂ ಹೆಚ್ಚು ಮೇಲ್ ಎಒಎಲ್ ಅನ್ನೋ ಇಂಟರ್ನೆಟ್ ಕಂಪನಿಯ ಗ್ರಾಹಕರಿಗೆ ಕಳಿಸಿದ. ಎಲ್ಲಿಂದ ಬಂತು ಅನ್ನೋ ವಿವರ ಸುಳ್ಳು ಮಾಡಿದ್ದ. ಪೊಲೀಸರು ಅವನ ಮನೆ ಹೊಕ್ಕಾಗ ಸಿಕ್ಕ ಸಿ.ಡಿ.ಗಳಲ್ಲಿ 17.6 ಕೋಟಿ ಪೂರ್ಣ ಇಮೇಲ್ ವಿಳಾಸ ಇದ್ವು. ಎಒಎಲ್ ಸರ್ವರ್ ವರ್ಜೀನಿಯಾದಲ್ಲಿ ಇದ್ದದ್ದರಿಂದ ಅಲ್ಲಿನ ಕಾಯ್ದೆ ಪ್ರಕಾರ 9 ವರ್ಷ ಶಿಕ್ಷೆ ಆಯ್ತು. 2008ರ ಫೆಬ್ರವರಿಯಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ 4-3ರಲ್ಲಿ ಶಿಕ್ಷೆ ಎತ್ತಿಹಿಡೀತು. ಮರುವಿಚಾರಣೆ ಆಗಿ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟ್ ಒಮ್ಮತದಿಂದ ಕಾಯ್ದೆಯನ್ನೇ ಹೊಡೆದುಹಾಕಿ ಅವನನ್ನ ಬಿಡ್ತು.

ಕಾರಣ ಏನು ಗೊತ್ತಾ? ಆ ಕಾಯ್ದೆ ವ್ಯಾಪಾರದ ಮೇಲ್‌ಗೆ ಮಾತ್ರ ಅಂತ ಗೆರೆ ಎಳೆದಿರಲಿಲ್ಲ. ಹೆಸರು ಮರೆಸಿ ಗುಂಪಿಗೆ ಕಳಿಸೋ ಎಲ್ಲ ಮೇಲೂ ಅಪರಾಧ, ಅದು ರಾಜಕೀಯ ಇರಲಿ ಧರ್ಮ ಇರಲಿ. ಅಮೆರಿಕದ ಸಂವಿಧಾನದ ಪರವಾಗಿ 'ಪಬ್ಲಿಯಸ್' ಅನ್ನೋ ಗುಪ್ತನಾಮದಲ್ಲಿ ಬಂದ ಫೆಡರಲಿಸ್ಟ್ ಬರಹಗಳನ್ನ ಇವತ್ತು ಇಮೇಲಲ್ಲಿ ಕಳಿಸಿದ್ರೆ ಅದೂ ಈ ಕಾಯ್ದೆಗೆ ಸಿಕ್ಕಿಬೀಳುತ್ತೆ ಅಂತು ಕೋರ್ಟ್. ಜೇನ್ಸ್ ಮಾರ್ತಿದ್ದದ್ದು ಶುದ್ಧ ವ್ಯಾಪಾರದ ಸರಕು. ಆದ್ರೂ ಬಚಾವಾದ.

ಸರ್ವರ್ ರೂಮಿನವ
ನೋಡಿ, 66ಎಗೂ ವರ್ಜೀನಿಯಾಕ್ಕೂ ಆದದ್ದು ಒಂದೇ. ಬಲೆ ದೊಡ್ಡದಾಗಿ ಬೀಸಿದ್ರು, ಬಲೇನೇ ಹರೀತು.

ಬಸವನಗುಡಿ ಬೆಣ್ಣೆ
ಎಡಿಸನ್ ಸಾರ್, ಹಾಗಾದ್ರೆ ಅಮೆರಿಕದಲ್ಲಿ ಸ್ಪ್ಯಾಮ್ ತಡೆಯೋಕೆ ಆಗೋದೇ ಇಲ್ವಾ? ಕ್ಯಾನ್-ಸ್ಪ್ಯಾಮ್ ಅಂತ ಏನೋ ಇದೆಯಲ್ಲ?

ಎಡಿಸನ್ ಕನ್ನಡಿಗ
ಇದೆ. 2004ರ ಜನವರಿ 1ರಿಂದ. ಅದು ಉಳಿದಿರೋದೇ ವ್ಯಾಪಾರದ ಮೇಲ್‌ಗೆ ಮಾತ್ರ ಅನ್ವಯ ಆಗೋದರಿಂದ. ಕಳಿಸಿದವರು ಯಾರು ಅಂತ ಸುಳ್ಳು ಹೇಳಬಾರದು, ವಿಷಯದ ಸಾಲಿನಲ್ಲಿ ಮೋಸ ಇರಬಾರದು, ನಿಜವಾದ ಅಂಚೆ ವಿಳಾಸ ಹಾಕಬೇಕು, ಬೇಡ ಅಂದ ಮೇಲೆ 10 ಕೆಲಸದ ದಿನದೊಳಗೆ ನಿಲ್ಲಿಸಬೇಕು. ಕೊರತೆ ಒಂದೇ: ಮೊದಲನೇ ಮೇಲ್ ಕೇಳದೇನೇ ಕಳಿಸಬಹುದು. ಚುನಾವಣೆ ಹತ್ತಿರ ಬಂದ್ರೆ ದೇಣಿಗೆ ಕೇಳೋ ಮೇಲ್ ಬೆಳಗ್ಗಿಂದ ರಾತ್ರಿವರೆಗೂ ಸುರಿಯುತ್ತೆ, ಅದಕ್ಕೆ ಈ ಕಾಯ್ದೆ ತಾಗಲ್ಲ.

ಇದಕ್ಕಿಂತ ಹಳೇದು, ನನಗೆ ತುಂಬಾ ಸರಿ ಅನಿಸೋದು ಇನ್ನೊಂದು. 1970ರ ರೋವನ್ ಕೇಸ್, ಕಾಗದದ ಅಂಚೆ ಕಾಲದ್ದು. ಕಳಿಸುವವನ ಹಕ್ಕು, ಬೇಡ ಅನ್ನುವವನ ಅಂಚೆಪೆಟ್ಟಿಗೆಯ ಹತ್ತಿರ ನಿಲ್ಲಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಅವತ್ತೇ ಹೇಳಿದೆ. ಮಾತು ಒಳ್ಳೇದಾ ಕೆಟ್ಟದ್ದಾ ಅನ್ನೋದನ್ನ ಸರ್ಕಾರ ತೀರ್ಮಾನ ಮಾಡಲ್ಲ. ಮನೆಯಲ್ಲಿರೋನು ಮಾಡ್ತಾನೆ.

ಮೈಸೂರು ಮೇಷ್ಟ್ರು
ಅಮೆರಿಕಕ್ಕೆ ಹೋಗೋದೇ ಬೇಡ. ನಮ್ಮ ಸುಪ್ರೀಂ ಕೋರ್ಟೇ ಇದನ್ನ ಧ್ವನಿವರ್ಧಕದ ವಿಷಯದಲ್ಲಿ ಹೇಳಿಬಿಟ್ಟಿದೆ. 2005ರ ಜುಲೈ 18, ಶಬ್ದಮಾಲಿನ್ಯದ ತೀರ್ಪು. ಮಾತಾಡೋ ಹಕ್ಕು ಒಬ್ಬನಿಗಿದ್ದರೆ, ಕೇಳುವ ಅಥವಾ ಕೇಳಲೊಲ್ಲೆ ಅನ್ನುವ ಹಕ್ಕು ಇನ್ನೊಬ್ಬನಿಗಿದೆ. ಯಂತ್ರದಿಂದ ದನಿ ಏರಿಸಿ ಒಲ್ಲದವನ ಕಿವಿಗೆ ತುಂಬಿದರೆ ಅವನ 21ನೇ ವಿಧಿಯ (ಜೀವಿಸುವ) ಹಕ್ಕಿಗೆ ಧಕ್ಕೆ ಅಂತ.

ನಮ್ಮ ಬೀದಿ ಗಣಪತಿ ಪೆಂಡಾಲಿನ ಮೈಕು ರಾತ್ರಿ 10ಕ್ಕೆ ನಿಲ್ಲೋದು ಶಬ್ದಮಾಲಿನ್ಯದ ನಿಯಮದಿಂದಲೇ. ಮೈಕಿನಲ್ಲಿ ಭಜನೆ ಬರ್ತಿದೆಯಾ ಭಾಷಣ ಬರ್ತಿದೆಯಾ ಅಂತ ಯಾರೂ ಕೇಳಲ್ಲ. ಹೊತ್ತು ಎಷ್ಟು, ದನಿ ಎಷ್ಟು, ಅಷ್ಟೇ ಲೆಕ್ಕ. ಲಕ್ಷ ಜನಕ್ಕೆ ಒಂದೇ ಗುಂಡಿಯಲ್ಲಿ ಕಳಿಸೋ ಯಂತ್ರವೂ ಮೈಕೇ ಅಲ್ಲವೇ? ತುಂಗಾತೀರ ಮೇಡಂ, ಆ ಕಂಪನಿಗೆ ಈ ತೀರ್ಪನ್ನ ಉತ್ತರವಾಗಿ ಬರೀರಿ.

ಬಸವನಗುಡಿ ಬೆಣ್ಣೆ
ಮೇಷ್ಟ್ರೇ, ಹೋಲಿಕೆ ಪೂರ್ತಿ ಕೂರಲ್ಲ. ಮೈಕಿಗೆ ಕಿವಿ ಮುಚ್ಚೋಕೆ ಆಗಲ್ಲ, ಇಮೇಲ್ ತೆರೆಯದೇ ಇರಬಹುದಲ್ಲ?

ಮೈಸೂರು ಮೇಷ್ಟ್ರು
163ರಲ್ಲಿ ರಕ್ತಪರೀಕ್ಷೆಯದ್ದು ಯಾವುದು ಅಂತ ತಿಳಿಯೋಕೆ 163ರ ತಲೆಬರಹವನ್ನೂ ಓದಲೇಬೇಕಲ್ಲಪ್ಪ. 74 ವರ್ಷದ ಕಣ್ಣು ಅದು.

ಚನ್ನಪಟ್ಟಣದ ಗೊಂಬೆ
ನಾನು ಇನ್ನೊಂದು ಕಡೆಯಿಂದ ಮಾತಾಡ್ತೀನಿ, ಬೇಜಾರಾಗಬೇಡಿ. ನಮ್ಮದು ಚಿಕ್ಕ ಅಂಗಡಿ, ಮೂರು ಜನ ಕೆಲಸದವರು. ಅರಗು ಬಣ್ಣದ ಆಟಿಕೆ. ಮೇಳಗಳಲ್ಲಿ ಕೊಂಡವರ ವಿಳಾಸ ಬರೆದಿಟ್ಟುಕೊಂಡು ದಸರಾ, ದೀಪಾವಳಿ ಮುಂಚೆ ಒಂದೊಂದು ಮೇಲ್ ಹಾಕ್ತೀವಿ. 600 ಜನ ಇರಬಹುದು. ಅದರಿಂದ ಬರೋ ಆರ್ಡರಿನಲ್ಲೇ ಹಬ್ಬದ ಬೋನಸ್ ಕೊಡೋದು. ದೊಡ್ಡವರಿಗೆ ಟಿವಿ ಇದೆ, ಪತ್ರಿಕೆ ಮುಖಪುಟ ಇದೆ. ನಮಗೆ ಇದೊಂದೇ. ಬಿಗಿ ಕಾನೂನು ಬಂದ್ರೆ ಮೊದಲು ಸಿಕ್ಕಿಹಾಕಿಕೊಳ್ಳೋದು ನಾವೇ, ಲಕ್ಷಗಟ್ಟಲೆ ಕಳಿಸೋರಿಗೆ ವಕೀಲರು ಇದ್ದಾರೆ.

ತುಂಗಾತೀರದವಳು
ಅಣ್ಣ, ನಿಮ್ಮಂಥವರ ಮೇಲೆ ನನಗೆ ಕೋಪ ಇಲ್ಲ. ಒಬ್ಬರು ಬೇಡ ಅಂದ್ರೆ ಏನ್ ಮಾಡ್ತೀರಿ?

ಚನ್ನಪಟ್ಟಣದ ಗೊಂಬೆ
ಪುಸ್ತಕದಲ್ಲಿ ಹೆಸರಿನ ಮೇಲೆ ಗೀಟು ಎಳೀತೀನಿ ಅಕ್ಕ. ಅವತ್ತೇ.

ಟೊರೊಂಟೊ ಚಳಿ
ಗೊಂಬೆ ಅಣ್ಣನಿಗೆ ಕೆನಡಾ ಕಾನೂನೂ ತೊಂದರೆ ಕೊಡ್ತಿರಲಿಲ್ಲ. ಇಲ್ಲಿ 2014ರ ಜುಲೈ 1ರಿಂದ ಒಪ್ಪಿಗೆ ಇಲ್ಲದೆ ವ್ಯಾಪಾರದ ಮೇಲ್ ಕಳಿಸೋ ಹಾಗಿಲ್ಲ, ಆದರೆ ಸರಕು ಕೊಂಡವರ ಒಪ್ಪಿಗೆ 2 ವರ್ಷದವರೆಗೆ ಇದೆ ಅಂತಲೇ ಲೆಕ್ಕ. ತಪ್ಪಿದ್ರೆ ಕಂಪನಿಗೆ 1 ಕೋಟಿ ಡಾಲರ್‌ವರೆಗೆ ದಂಡ. ಕಂಪುಫೈಂಡರ್ ಅನ್ನೋ ಕಂಪನಿ ಇದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ ಹೋಯ್ತು. 2020ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು, ಮಿತಿ ಹೇರಿದ್ದು ಹೌದು ಆದರೆ ನ್ಯಾಯವಾದ ಮಿತಿ ಅಂತ ಕಾಯ್ದೆಯನ್ನ ಉಳಿಸಿತು. ಜೈಲಿಲ್ಲ ಇದರಲ್ಲಿ, ದಂಡ ಮಾತ್ರ. ಅದಕ್ಕೇ ನಿಂತಿದೆ ಅನ್ನೋದು ನನ್ನ ಅಭಿಪ್ರಾಯ.

ಕನ್ನಡ ಕಟ್ಟೆ
ಇಷ್ಟೊತ್ತೂ ಸ್ಪ್ಯಾಮ್ ಸ್ಪ್ಯಾಮ್ ಅಂತಿದ್ದೀರಿ, ಕನ್ನಡದಲ್ಲಿ ಒಂದು ಪದ ಬೇಡ್ವಾ? ಕಸದಂಚೆ?

ಬಸವನಗುಡಿ ಬೆಣ್ಣೆ
'ಬೇಡದಂಚೆ' ಇನ್ನೂ ಸರಿ. ಒಳಗಿರೋದು ಕಸಾನೋ ಚಿನ್ನಾನೋ, ನನಗೆ ಬೇಡ ಅನ್ನೋದೇ ಮುಖ್ಯ.

ಕಾರ್ಕಳ ಕಲ್ಲು
ನನ್ನ ಅಮ್ಮ "ಹಾಳುಮೂಳು ಬಂದಿದೆ" ಅಂತ ಹೇಳುವುದು ಮಾರಾಯ್ರೆ. ಅದೇ ಸಾಕು.

ಮೈಸೂರು ಮೇಷ್ಟ್ರು
ಬೇಡದಂಚೆಗೆ ನನ್ನ ಮತ. ಬೆಣ್ಣೆಯವರು ಹೇಳಿದ ಕಾರಣಕ್ಕೇ.

ಕಾರ್ಕಳ ಕಲ್ಲು
ವಿಷಯಕ್ಕೆ ಬರುವ. ಚುನಾವಣೆಯದ್ದು ಏನು ಮಾಡುವುದು? ಪದವೀಧರ ಕ್ಷೇತ್ರಕ್ಕೆ ಹೆಸರು ನೋಂದಾಯಿಸಿದ್ದೇ ತಡ, ಯಾರೋ ಎಲ್ಲಿಂದಲೋ ವಿಳಾಸ ಹಿಡಿದು ಮೇಲ್, ವಾಟ್ಸಾಪ್, ಎಲ್ಲ ಕಳಿಸ್ತಾರೆ. ಸರ್ಕಾರವೂ ಕಮ್ಮಿ ಇಲ್ಲ. 2024ರ ಮಾರ್ಚಿನಲ್ಲಿ ವಿಕಸಿತ ಭಾರತದ ವಾಟ್ಸಾಪ್ ಸಂದೇಶ ನನಗೂ ಬಂತು, ನೀತಿಸಂಹಿತೆ ಜಾರಿಯಾದ ಮೇಲೆಯೂ ಬರುತ್ತಿತ್ತು. ಚುನಾವಣಾ ಆಯೋಗ ನಿಲ್ಲಿಸಿ ಅಂತ ಐಟಿ ಸಚಿವಾಲಯಕ್ಕೆ ಹೇಳಬೇಕಾಯಿತು. ಯಾವ ಪಕ್ಷದ ಸರ್ಕಾರವೇ ಇರಲಿ, ತಾನು ಕಳಿಸುವುದನ್ನು ತಾನೇ ನಿಲ್ಲಿಸುವ ಕಾನೂನು ಮಾಡುತ್ತದೆಯಾ?

ಗದಗಿನ ಮಾಹಿತಿ ಹಕ್ಕು
ರಾಜಕೀಯದ್ದು ಬಿಡ್ರಿ ಅಂತೀನಿ ನಾ. ಮತ ಕೇಳೋ ಮಾತು ಕಿರಿಕಿರಿ ಆದ್ರೂ ಬರಲಿ. ಅದನ್ನ ತಡಿಯೋ ಅಧಿಕಾರ ಕೊಟ್ರ ನಾಳೆ ಯಾರನ್ನ ತಡೀತಾರ ಅನ್ನೋದು ನನಗ ಗೊತ್ತೈತಿ.

ಕಾರ್ಕಳ ಕಲ್ಲು
ನಿಲ್ಲಿಸುವುದು ಬೇಡ. ಆದರೆ "ನನ್ನ ವಿಳಾಸ ಎಲ್ಲಿ ಸಿಕ್ಕಿತು" ಅಂತ ಕೇಳಿದರೆ ಹೇಳಬೇಕು, ಬೇಡ ಅಂದರೆ ಬಿಡಬೇಕು. ಅಷ್ಟು ಅಭ್ಯರ್ಥಿಗೂ ಇರಲಿ. ನನ್ನ ಪಟ್ಟು ಇದು.

ಸರ್ವರ್ ರೂಮಿನವ
ನನ್ನ ಕೆಲಸವೇ ಇಮೇಲ್ ಸರ್ವರ್ ನೋಡಿಕೊಳ್ಳೋದು, ಹಾಗಾಗಿ ಒಳಗಿನ ಮಾತು ಹೇಳ್ತೀನಿ. ಕಾನೂನು ಮಾಡದ ಕೆಲಸವನ್ನ ಈಗ ಗೂಗಲ್, ಯಾಹೂ ಮಾಡ್ತಿವೆ. 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸೋರು ತಮ್ಮ ಡೊಮೇನ್ ತಮ್ಮದೇ ಅಂತ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನೋ ತಾಂತ್ರಿಕ ಪರೀಕ್ಷೆಗಳ ಮೂಲಕ ತೋರಿಸಬೇಕು. ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಇಡಬೇಕು, ಎರಡು ದಿನದೊಳಗೆ ಹೆಸರು ತೆಗೀಬೇಕು. ಸ್ಪ್ಯಾಮ್ ಅಂತ ಒತ್ತಿದವರ ಪ್ರಮಾಣ 0.3 ಶೇಕಡಾ ಮುಟ್ಟಬಾರದು. ಸಾವಿರಕ್ಕೆ ಮೂರು ಜನ!

ಅದಕ್ಕೇ ಮೇಡಂ, ಮೇಲ್‌ನ ತಳದಲ್ಲಿ ಸಣ್ಣ ಅಕ್ಷರದಲ್ಲಿರೋ ಕೊಂಡಿ ಒತ್ತಬೇಡಿ. ಜಿಮೇಲ್ ಮೇಲುಗಡೆ ಕಳಿಸಿದವರ ಹೆಸರಿನ ಪಕ್ಕ ತೋರಿಸೋ ಅನ್‌ಸಬ್‌ಸ್ಕ್ರೈಬ್ ಒತ್ತಿ, ಆಮೇಲೂ ಬಂದ್ರೆ 'ರಿಪೋರ್ಟ್ ಸ್ಪ್ಯಾಮ್'. ಕಂಪನಿಗೆ ನಿಜವಾಗಿ ನೋವಾಗೋದು ಅಲ್ಲಿ. ಆಮೇಲೆ ಅಪ್ಪನ ಖಾತೆಯಲ್ಲಿ ಲ್ಯಾಬು, ಬ್ಯಾಂಕು, ಪಿಂಚಣಿ ಮೂರಕ್ಕೂ ಫಿಲ್ಟರ್ ಮಾಡಿ ನಕ್ಷತ್ರ ಬೀಳೋ ಹಾಗೆ ಮಾಡಿ. ಐದು ನಿಮಿಷದ ಕೆಲಸ.

ಆದ್ರೆ ಇದೇ ಪರಿಹಾರ ಅಂತ ನಾನು ಹೇಳಲ್ಲ. ಫಿಲ್ಟರ್ ತಪ್ಪು ಮಾಡುತ್ತೆ. ಗದಗಿನ ಅಣ್ಣನ ನೀರಿನ ಟ್ಯಾಂಕಿನ ಮೇಲ್ ಇವತ್ತು 40 ಜನಕ್ಕೆ ಹೋದ್ರೆ, ಎಷ್ಟು ಜನರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತೋ ಯಾರಿಗೂ ತಿಳಿಯಲ್ಲ. ಕೋರ್ಟ್ ಆದ್ರೆ ಕಾರಣ ಬರೀಬೇಕು, ಫಿಲ್ಟರ್ ಕಾರಣ ಹೇಳಲ್ಲ.

ಕೆರೆದಂಡೆ
ಫಿಲ್ಟರ್ ಮೇಲೆ ವಾಕ್ ಸ್ವಾತಂತ್ರ್ಯದ ಕೇಸ್ ಹಾಕಬಹುದಾ?

ಎಡಿಸನ್ ಕನ್ನಡಿಗ
ಇಲ್ಲಿ ಹಾಕಿ ಸೋತಿದ್ದಾರೆ. 1996ರಲ್ಲಿ ಸೈಬರ್ ಪ್ರಮೋಷನ್ಸ್ ಅನ್ನೋ ಕಂಪನಿ ಎಒಎಲ್ ವಿರುದ್ಧ. ಎಒಎಲ್ ಖಾಸಗಿ ಸಂಸ್ಥೆ, ಸರ್ಕಾರ ಅಲ್ಲ, ಅದರ ಸರ್ವರಿಗೆ ಮೇಲ್ ಕಳಿಸೋ ಸಂವಿಧಾನದ ಹಕ್ಕು ನಿಮಗಿಲ್ಲ ಅಂತು ಕೋರ್ಟ್.

ಹುಬ್ಬಳ್ಳಿ ವಕೀಲ
ಈಗ ಅಕ್ಕಾರ ಕೈಯಾಗ ಏನು ಐತಿ ಅದನ್ನ ಹೇಳ್ತೀನಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ. ನಿಯಮ 2025ರ ನವೆಂಬರ್‌ದಾಗ ಹೊರಗ ಬಂದಾವ, ಒಪ್ಪಿಗಿ ಮತ್ತ ದಂಡದ ಮುಖ್ಯ ಭಾಗ ಜಾರಿಗೆ ಬರಾಕ 18 ತಿಂಗಳ ಗಡುವು. ಇದು ಮಾತಿನ ಮ್ಯಾಲೆ ಕೈ ಹಾಕೂದಿಲ್ಲ, ವಿಳಾಸದ ಮ್ಯಾಲೆ ಹಾಕ್ತದ. ಅದಕ್ಕ ನನಗ ಇದು ಪಸಂದ. ಲಕ್ಕಿ ಡ್ರಾಕ್ಕ ಕೊಟ್ಟ ವಿಳಾಸ ಲಕ್ಕಿ ಡ್ರಾಕ್ಕಷ್ಟ. ಕಾಗದದ ಚೀಟಿ ಅಂತ ತಪ್ಪಿಸಿಕೊಳ್ಳಾಕ ಆಗೂದಿಲ್ಲ, ಆಮ್ಯಾಲೆ ಕಂಪ್ಯೂಟರಿಗೆ ಹಾಕಿದ್ರ ಅದೂ ಕಾಯ್ದೆದಾಗ ಬರ್ತದ. ಕೊಟ್ಟಷ್ಟ ಸರಳ ಒಪ್ಪಿಗಿ ವಾಪಸ್ ತಗೊಳ್ಳಾಕೂ ಬರಬೇಕು.

ಕೊರತಿ ಹೇಳದ ಬಿಟ್ರ ತಪ್ಪಾಗ್ತದ. ದಂಡ ಹಾಕಿದ್ರ ಸರ್ಕಾರದ ಖಜಾನಿಗೆ, ನೊಂದವ್ರಿಗೆ ಪೈಸಾ ಇಲ್ಲ. ನೀವಾಗೇ ಎಲ್ಲರಿಗೂ ಕಾಣೂ ಹಂಗ ಹಾಕಿದ ವಿಳಾಸಕ್ಕ ರಕ್ಷಣಾ ಇಲ್ಲ. ಸುಳ್ಳು ದೂರು ಕೊಟ್ರ ದೂರು ಕೊಟ್ಟವ್ರಿಗೇ 10,000 ರೂಪಾಯಿ ತನಕ ದಂಡ.

ಗಡುವು ಮುಗಿಯೂತನಕ ಕಾಯಬ್ಯಾಡ್ರಿ. ಈಗ ಒಂದು ಪತ್ರ ಬರೀರಿ, ದಾಖಲಿ ಆಗಲಿ.

ತುಂಗಾತೀರದವಳು
ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಅಪ್ಪನ ಜೊತೆ ಕೂತು ಬರೆದೆ. ಹೀಗಿದೆ:

"ನೀವು ನಮೂದಿಸಿದ ಟಾಟಾ ಪ್ರೆಸ್ ತೀರ್ಪು ಜಾಹೀರಾತು ನೀಡುವ ಹಕ್ಕನ್ನು ಹೇಳುತ್ತದೆ. ಒಲ್ಲದವನಿಗೆ ಕಳಿಸುತ್ತಲೇ ಇರುವ ಹಕ್ಕನ್ನು ಹೇಳುವುದಿಲ್ಲ. ಕೇಳಲೊಲ್ಲೆ ಎನ್ನುವ ಹಕ್ಕು ನನಗಿದೆ ಎಂದು ಅದೇ ಸುಪ್ರೀಂ ಕೋರ್ಟ್ 18-7-2005ರಂದು ಹೇಳಿದೆ. ಬಹುಮಾನದ ಚೀಟಿಗೆಂದು ಬರೆದುಕೊಟ್ಟ ನನ್ನ ವಿಳಾಸವನ್ನು ಬೇರೆ ಯಾವುದಕ್ಕೂ ಬಳಸಲು ನನ್ನ ಒಪ್ಪಿಗೆ ಇಲ್ಲ. ವಿಳಾಸ ಅಳಿಸಿ, ಯಾರ್ಯಾರಿಗೆ ಕೊಟ್ಟಿದ್ದೀರಿ ಎಂಬುದನ್ನು 15 ದಿನದೊಳಗೆ ಬರಹದಲ್ಲಿ ತಿಳಿಸಿ."

ರಿಜಿಸ್ಟರ್ಡ್ ಪೋಸ್ಟ್ ಮಾಡಲಾ ವಕೀಲರೇ?

ಹುಬ್ಬಳ್ಳಿ ವಕೀಲ
ಪತ್ರ ಚಲೋ ಐತಿ, ಒಂದ ತಿದ್ದುಪಡಿ. 2005ರ ತೀರ್ಪು ಶಬ್ದಮಾಲಿನ್ಯದ್ದು ಅಂತ ಬಿಚ್ಚಿ ಬರೀರಿ. ಇಮೇಲ್‌ದು ಅಂತ ಅನ್ನಿಸೂ ಹಂಗ ಬರದ್ರ ಅವರ ವಕೀಲ ಅದನ್ನ ಹಿಡೀತಾನ. ರಿಜಿಸ್ಟರ್ಡ್ ಪೋಸ್ಟ್ ಅನ್ನೂದನ್ನ 2025ರಾಗ ಸ್ಪೀಡ್ ಪೋಸ್ಟಿಗೆ ಸೇರಿಸ್ಯಾರ, ಅದರಾಗ ಮಾಡ್ರಿ. ಆ 21 ಮೇಲ್ ಅಳಸಬ್ಯಾಡ್ರಿ, ಪುರಾವಿ ಅವು.

ಕಾರ್ಕಳ ಕಲ್ಲು
ಮೂರು ಸಲ ಅನ್‌ಸಬ್‌ಸ್ಕ್ರೈಬ್ ಒತ್ತಿದ ತಾರೀಕು ಸಹ ಹಾಕಿ ಮೇಡಂ.

ತುಂಗಾತೀರದವಳು
ಎರಡೂ ತಿದ್ದಿದೆ. ಅಪ್ಪ ನನ್ನ ಪ್ರಿಂಟ್‌ಔಟ್ ಒಪ್ಪಲಿಲ್ಲ, ಪೂರ್ತಿ ಪತ್ರವನ್ನ ಕೈಯಲ್ಲೇ ಬರೆದು ಸಹಿ ಹಾಕಿ, ಅವರೇ ನಡೆದುಕೊಂಡು ಹೋಗಿ ಇವತ್ತು ಬೆಳಗ್ಗೆ ಅಂಚೆ ಕಚೇರಿಯಲ್ಲಿ ಕೊಟ್ಟು ಬಂದರು. ರಸೀದಿಯ ಫೋಟೋ ತೆಗೆದಿಟ್ಟಿದ್ದೀನಿ. ಲ್ಯಾಬಿನ ಮೇಲ್‌ಗೆ ಈಗ ನಕ್ಷತ್ರ ಬೀಳುತ್ತೆ. ಎರಡನೇ ರಿಪೋರ್ಟ್ ಬಂದ ಹತ್ತು ನಿಮಿಷಕ್ಕೆ ಅಪ್ಪನೇ ಫೋನ್ ಮಾಡಿದ್ರು: ಪೊಟ್ಯಾಸಿಯಂ 4.6.

ಗದಗಿನ ಮಾಹಿತಿ ಹಕ್ಕು
ನಿಮ್ಮ ಅಪ್ಪ ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳ್ರಿ. ಕಂಪನಿಯವ್ರು ಜವಾಬು ಕೊಟ್ರ ಇಲ್ಲೇ ಹಾಕ್ರಿ ಅಕ್ಕಾ, ಕೊಡಲಿಲ್ಲ ಅಂದ್ರ 16ನೇ ದಿನಕ್ಕ ಎರಡನೇ ಪತ್ರದ ಕರಡು ನಾ ಬರದು ಕೊಡ್ತೀನಿ.